ಹೊಸ ಬಟ್ಟೆಯನ್ನು ಮೊದಲು ನೆನೆಸಿ

ಮೊನ್ನೆ ತಂಗಿಯ ಮೊಮ್ಮಗಳು ಒಂದು ಕೌದಿ ತಂದು ನನ್ನ ಮುಂದೆ ಹರಡಿದಳು. ಕಣ್ಣಲ್ಲಿ ನೀರು. ಮೂರು ತಿಂಗಳು ಕೂತು ಹೊಲಿದದ್ದು ಒಂದೇ ಸಲ ಒಗೆದಿದ್ದಕ್ಕೆ ಮುದುಡಿ ಹೋಗಿತ್ತು. ಕೆಂಪು ತುಂಡುಗಳ ಸುತ್ತ ಎಲ್ಲಾ ಸುಕ್ಕು. ಎರಡು ಕಡೆ ಹಳೇ ಬಟ್ಟೆ ಹೊಲಿಗೆಯ ಪಕ್ಕದಲ್ಲೇ ಹರಿದಿತ್ತು.

"ಕೆಂಪು ಬಟ್ಟೆ ಹೊಸದಾ?" ಅಂತ ಕೇಳಿದೆ.

"ಹೌದಜ್ಜಿ. ಅಂಗಡಿಯಿಂದ ತಂದು ಹಾಗೇ ಕತ್ತರಿಸಿದೆ."

ಹಾಗೇ! ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಬಣ್ಣಕ್ಕೆ ಬಣ್ಣ ಹೊಂದಿಸಲು ಎರಡು ದಿನ ತಲೆ ಕೆಡಿಸಿಕೊಳ್ಳುತ್ತೀರಿ. ಬಟ್ಟೆ ನೆನೆಸಲು ಒಂದು ರಾತ್ರಿ ಸಿಗುವುದಿಲ್ಲವಾ?

ಭಾನುವಾರ ತಪ್ಪದೆ ಸತ್ಯವೇದ ಹಿಡಿದು ಹೋಗುತ್ತೀರಲ್ಲ, ಮಾರ್ಕನ ಸುವಾರ್ತೆ 2ನೇ ಅಧ್ಯಾಯದ 21ನೇ ವಚನ ತೆಗೆದು ನೋಡಿ. ಹಳೇ ಬಟ್ಟೆಗೆ ಹೊಸ ಬಟ್ಟೆಯ ತೇಪೆ ಯಾರೂ ಹಚ್ಚುವುದಿಲ್ಲ, ಹಚ್ಚಿದರೆ ತೇಪೆ ಹಳೇದನ್ನು ಎಳೆದು ಹರಕು ಇನ್ನೂ ದೊಡ್ಡದಾಗುತ್ತದೆ ಅಂತ ಯೇಸುಸ್ವಾಮಿ ಹೇಳಿದ್ದಾರೆ. ಅವರನ್ನು ಕೇಳಿದ್ದು ಉಪವಾಸದ ಪ್ರಶ್ನೆ, ಅವರು ಉತ್ತರ ಕೊಟ್ಟದ್ದು ತೇಪೆಯ ಮಾತಿನಲ್ಲಿ. ಆ ಜಾಗದಲ್ಲಿ ಮೂಲ ಗ್ರೀಕ್ ಪದಕ್ಕೆ ಅಗಸನ ಕೈ ಸೇರದ ಬಟ್ಟೆ, ಅಂದರೆ ಇನ್ನೂ ಕುಗ್ಗದ ಬಟ್ಟೆ ಅಂತಲೇ ಅರ್ಥ. ನಮ್ಮಮ್ಮ ತೇಪೆ ಹಚ್ಚುವಾಗೆಲ್ಲ, "ಮರಿಯಮ್ಮ ಹೊಲಿಯುವಾಗ ಮಗ ಪಕ್ಕದಲ್ಲೇ ಕೂತು ನೋಡಿರಬೇಕು ಕಣೇ" ಅನ್ನುತ್ತಿದ್ದಳು. ಸೂಜಿಗೆ ದಾರ ಪೋಣಿಸಿ ಕೊಡುವುದು ಆಗ ನನ್ನ ಕೆಲಸ. ಇಂದಿಗೂ ಆ ವಚನ ಓದಿದರೆ ನನಗೆ ಅಮ್ಮನ ಬೆರಳೇ ಕಾಣುತ್ತದೆ.

ಮಗ್ಗದಲ್ಲಿ ನೂಲನ್ನು ಬಿಗಿಯಾಗಿ ಎಳೆದು ನೇಯ್ದಿರುತ್ತಾರೆ. ನೀರು ಬಿದ್ದ ಮೇಲೆ ಆ ಬಿಗಿ ಬಿಟ್ಟು ನೂಲು ಒಳಕ್ಕೆ ಸೇರಿಕೊಳ್ಳುತ್ತದೆ. ಹತ್ತಿ ಬಟ್ಟೆ ಮೀಟರಿಗೆ 3ರಿಂದ 5 ಸೆಂಟಿಮೀಟರ್ ಕುಗ್ಗುವುದು ಮಾಮೂಲು. ಹಾಸಿನ ಕಡೆ, ಅಂದರೆ ಉದ್ದಕ್ಕೆ ಹೋಗುವ ನೂಲಿನ ಕಡೆ ಜಾಸ್ತಿ, ಹೊಕ್ಕಿನ ಕಡೆ, ಅಂದರೆ ಅಡ್ಡ ನೂಲಿನ ಕಡೆ ಕಮ್ಮಿ. ಹಳೇ ಬಟ್ಟೆ ಎಂದೋ ಕುಗ್ಗಿ ಮುಗಿಸಿದೆ. ಅದರ ಪಕ್ಕದಲ್ಲಿ ಹೊಸದು ಕುಗ್ಗಲು ಶುರು ಮಾಡಿದರೆ ಹರಿಯುವುದು ಯಾವುದು? ಸವೆದು ಮೆತ್ತಗಾದದ್ದೇ.

ಹಾಗಾಗಿ ನಾನು ಮಾಡುವುದನ್ನು ಗಮನವಿಟ್ಟು ಓದಿ. ಇದೊಂದರಲ್ಲಿ ನಾನು ಯಾರ ಮಾತೂ ಕೇಳುವವಳಲ್ಲ. ಹೊಸ ಬಟ್ಟೆಯನ್ನು ಕತ್ತರಿಸುವ ಮೊದಲೇ, ಹಾಸಿನ ಉದ್ದಕ್ಕೆ ಒಂದು ಮೊಳ ದೂರದಲ್ಲಿ ಎರಡು ಕಡೆ ದಾರದಿಂದ ಚಿಕ್ಕ ಗಂಟು ಹಾಕಿ. ಹೊಕ್ಕಿನ ಕಡೆಗೂ ಹಾಗೇ ಎರಡು. ಕೆಂಪು ಬಟ್ಟೆಗೆ ಬಿಳಿ ದಾರ, ಬಿಳಿ ಬಟ್ಟೆಗೆ ಕಪ್ಪು ದಾರ. ಬಟ್ಟೆಯನ್ನು ಹಳೇ ಪೇಪರ್ ಮೇಲೆ ಎಳೆಯದೆ ಹರಡಿ, ಗಂಟು ಇರುವ ಕಡೆ ಪೆನ್ಸಿಲ್ಲಿನಿಂದ ಚುಕ್ಕೆ ಇಡಿ. ಆ ಪೇಪರ್ ಎತ್ತಿಡಿ. ಕೈಗೆ ಹಿತವಾದ ಬಿಸಿನೀರಿನಲ್ಲಿ ಬಟ್ಟೆ ರಾತ್ರಿಯಿಡೀ ಮುಳುಗಿರಲಿ. ಬೆಳಿಗ್ಗೆ ಹಿಂಡಬೇಡಿ! ಹಿಂಡಿದರೆ ನೇಯ್ಗೆ ಸೊಟ್ಟಗಾಗುತ್ತದೆ. ಎತ್ತಿ, ನೀರು ಸೋರಲು ಬಿಟ್ಟು, ನೆರಳಲ್ಲಿ ಹರವಿ. ಸ್ವಲ್ಪ ಪಸೆ ಇರುವಾಗಲೇ ಇಸ್ತ್ರಿ. ಅದನ್ನೂ ಎಳೆದಾಡಬೇಡಿ, ಇಟ್ಟು ಎತ್ತಿ, ಇಟ್ಟು ಎತ್ತಿ. ಎಳೆದರೆ ಕುಗ್ಗಿದ್ದು ಮತ್ತೆ ಹಿಗ್ಗುತ್ತದೆ. ಈಗ ಅದೇ ಪೇಪರ್ ಮೇಲೆ ಹರಡಿ ನೋಡಿ. ಗಂಟು ಚುಕ್ಕೆಯಿಂದ ಒಂದು ಬೆರಳಿನಷ್ಟು ಒಳಗೆ ಬಂದಿರುತ್ತದೆ. ಹೊಸ ಚುಕ್ಕೆ ಇಟ್ಟು ಮತ್ತೆ ನೆನೆಸಿ. ಗಂಟು ಚುಕ್ಕೆಯ ಮೇಲೇ ಕೂರುವ ತನಕ ಕತ್ತರಿ ಮುಟ್ಟುವಂತಿಲ್ಲ. ಸಾಮಾನ್ಯವಾಗಿ ಎರಡನೇ ಸಲಕ್ಕೆ ನಿಲ್ಲುತ್ತದೆ, ಕೆಲವಕ್ಕೆ ಮೂರು ಬೇಕು.

ಬಣ್ಣವನ್ನೂ ಆಗಲೇ ನೋಡಿಬಿಡಿ. ಒದ್ದೆ ಬಟ್ಟೆಯನ್ನು ಬಿಳಿ ಚಿಂದಿಯ ಮೇಲೆ ಒತ್ತಿ. ಗುರುತು ಬಿದ್ದರೆ ನೀರು ತಿಳಿಯಾಗುವವರೆಗೆ ಜಾಲಿಸುತ್ತಾ ಇರಿ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಅಂತ ನಂಬಿ ಕೂರಬೇಡಿ.

ಉಳಿದದ್ದು ನಿಮಗೆ ಗೊತ್ತೇ ಇದೆ. ಪದರಗಳನ್ನು ಒಂದರ ಮೇಲೊಂದು ಹಾಸಿ, ನಡುವಿನಿಂದ ಅಂಚಿಗೆ ಅಂಗೈಯಿಂದ ಸವರಿ, ದೊಡ್ಡ ಟಾಕಾ ಹಾಕಿ ಹಿಡಿಸಿ, ಆಮೇಲೆ ಸಣ್ಣ ಹೊಲಿಗೆ.

ಸಣ್ಣ ಹೊಲಿಗೆ ಹಾಕುವಾಗ ಫೋನ್ ನೋಡಬೇಡಿ. ಪ್ರತಿ ತುಂಡೂ ಯಾರೋ ಉಟ್ಟು ತೊಟ್ಟ ಬಟ್ಟೆ. ನನ್ನವರ ನೀಲಿ ಅಂಗಿಯ ತುಂಡು ಬಂದಾಗ ಅವರನ್ನು ಕೊಟ್ಟಿದ್ದಕ್ಕೆ ಕರ್ತನಿಗೆ ಸ್ತೋತ್ರ ಹೇಳುತ್ತೇನೆ. ಮಾತು ಬಿಟ್ಟಿರುವ ನಾದಿನಿಯ ಬಟ್ಟೆ ಬಂದಾಗ ಅವಳಿಗಾಗಿ ಪ್ರಾರ್ಥನೆ ಮಾಡುತ್ತೇನೆ. ಅವಳದ್ದು ಬಂದಾಗ ಸೂಜಿ ನಿಧಾನವಾಗುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೂ ಆ ತುಂಡನ್ನು ಪಕ್ಕಕ್ಕಿಡುವುದಿಲ್ಲ.

ಯೊಪ್ಪದ ತಬಿಥಾಳನ್ನು ನೆನೆಸಿಕೊಳ್ಳಿ, ದೊರ್ಕ ಅಂತಲೂ ಕರೆಯುತ್ತಿದ್ದರಲ್ಲ, ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯ. ಅವಳು ತೀರಿಹೋದಾಗ ವಿಧವೆಯರು ಅಳುತ್ತಾ ಪೇತ್ರನಿಗೆ ತೋರಿಸಿದ್ದು ಅವಳು ಮಾಡಿಕೊಟ್ಟಿದ್ದ ಅಂಗಿಗಳನ್ನು. ಕಾಯಿಲೆ ಬಿದ್ದವರಿಗೆ ಕೊಡುವ ಕೌದಿಯಾದರೆ ನಾನು ಇನ್ನೂ ಒಂದು ಸಲ ಜಾಸ್ತಿ ನೆನೆಸುವುದು ಅದಕ್ಕೇ. ಅವರು ಹೊದೆಯುವುದು ತಿಂಗಳುಗಟ್ಟಲೆ, ಒಗೆಯುವುದೂ ಅಷ್ಟೇ ಸಲ.

ಹುಡುಗಿಯ ಕೌದಿಯನ್ನು ಇಬ್ಬರೂ ಕೂತು ಬಿಚ್ಚುತ್ತಿದ್ದೇವೆ. ಹರಿದ ಕಡೆ ಅವಳಪ್ಪನ ಹಳೇ ಅಂಗಿಯಿಂದ ತುಂಡು ಹಾಕೋಣ ಅಂದಿದ್ದೇನೆ. ಉಳಿದ ಕೆಂಪು ಬಟ್ಟೆ ಬಕೆಟ್ಟಿನಲ್ಲಿದೆ, ಇವತ್ತಿಗೆ ಎರಡನೇ ರಾತ್ರಿ. ಪೇಪರ್ ಮೇಲೆ ಚುಕ್ಕೆಯನ್ನು ಅವಳ ಕೈಯಿಂದಲೇ ಇಡಿಸಿದೆ.