ಜೀನ್ ಎಡಿಟಿಂಗ್ ಟ್ರಯಲ್ ಅಂತ ಕರೆದ್ರೆ ಸಹಿ ಹಾಕೋ ಮುಂಚೆ ಇಷ್ಟು ನೋಡ್ಕೊಳ್ಳಿ

ನಮ್ಮಕ್ಕನ ಮಗನಿಗೆ ಥಲಸ್ಸೇಮಿಯಾ, ಅಂದ್ರೆ ರಕ್ತ ಸರಿಯಾಗಿ ತಯಾರಾಗದ ಹುಟ್ಟು ಕಾಯಿಲೆ, ಮೂರು ವಾರಕ್ಕೊಂದ್ಸಲ ರಕ್ತ ಹಾಕಿಸ್ಬೇಕು. ಯಾರೋ ವಾಟ್ಸಾಪಲ್ಲಿ "ಕ್ರಿಸ್ಪರ್ ಟ್ರೀಟ್‌ಮೆಂಟ್ ಟ್ರಯಲ್ ಇದೆ, ಅಡ್ವಾನ್ಸ್ ಕಟ್ಟಿ" ಅಂದ್ರು (ಕ್ರಿಸ್ಪರ್ ಅಂದ್ರೆ ಜೀನ್ ಕತ್ತರಿಸಿ ತಿದ್ದೋ ವಿಧಾನ), ಅಕ್ಕ ಬಳೆ ಅಡ ಇಡೋಕೆ ಹೊರಟೇಬಿಟ್ಟಿದ್ಲು.

ಮೊದ್ಲು ದುಡ್ಡಿನ ವಿಷ್ಯ. ಟ್ರಯಲ್, ಅಂದ್ರೆ ಹೊಸ ಚಿಕಿತ್ಸೆಯ ಪ್ರಯೋಗ ಅಂದ್ಮೇಲೆ ಅದರ ಔಷಧಿಗೆ, ಟೆಸ್ಟಿಗೆ ಪೇಷಂಟ್ ಹತ್ರ ದುಡ್ಡು ಇಸ್ಕೊಳ್ಳೋ ಹಾಗಿಲ್ಲ. ಅಮೆರಿಕದಲ್ಲಿ 2023ರಲ್ಲಿ ಅಪ್ರೂವ್ ಆದ ಕ್ಯಾಸ್‌ಜೆವಿ ಅನ್ನೋ ಕ್ರಿಸ್ಪರ್ ಚಿಕಿತ್ಸೆ ರೇಟೇ ಆಗ 22 ಲಕ್ಷ ಡಾಲರ್ ಇತ್ತು, ಇನ್ನು ಇಲ್ಲಿ ಯಾರೋ ಐದು ಲಕ್ಷ ರೂಪಾಯಿಗೆ ಮಾಡ್ತೀವಿ ಅಂದ್ರೆ ಹೆಂಗೆ ನಂಬೋದು?

ಆಮೇಲೆ ಸಿಟಿಆರ್‌ಐ (ದೇಶದ ಟ್ರಯಲ್‌ಗಳನ್ನ ನೋಂದಾಯಿಸೋ ಸರ್ಕಾರಿ ಪಟ್ಟಿ) ನಂಬರ್ ಕೇಳಿ. ಅದನ್ನ ಸಿಟಿಆರ್‌ಐ ವೆಬ್‌ಸೈಟಲ್ಲಿ ನೀವೇ ಹುಡುಕಿ, ನಿಮಗೆ ಹೇಳಿರೋ ಆಸ್ಪತ್ರೆ ಹೆಸ್ರು ಅಲ್ಲಿದೆಯಾ, ಎಥಿಕ್ಸ್ ಕಮಿಟಿ (ಪೇಷಂಟ್‌ಗೆ ಅನ್ಯಾಯ ಆಗದ ಹಾಗೆ ಟ್ರಯಲ್ ಪರಿಶೀಲಿಸೋ ಸಮಿತಿ) ಒಪ್ಪಿಗೆ ಸಿಕ್ಕಿದೆಯಾ ನೋಡಿ. ನಾವು ಈ ನಂಬರ್ ಕೇಳಿದ್ಮೇಲೆ ಆ ಮನುಷ್ಯ ಫೋನೇ ಎತ್ತಲಿಲ್ಲ.

ಯಾವ ಜೀವಕೋಶ ಎಡಿಟ್ ಮಾಡ್ತಾರೆ ಅಂತ ಬಿಡದೆ ಕೇಳಿ. ಪೇಷಂಟ್‌ದೇ ರಕ್ತದ ಕಾಂಡಕೋಶ (ಸ್ಟೆಮ್ ಸೆಲ್, ರಕ್ತಕಣ ಹುಟ್ಟಿಸೋ ಕೋಶ) ತೆಗೆದು ತಿದ್ದಿ ವಾಪಸ್ ಹಾಕೋದಾದ್ರೆ ಬದಲಾವಣೆ ಅವರೊಬ್ಬರಿಗೇ, ಇದಕ್ಕೆ ಪರ್ಮಿಷನ್ ತಗೊಂಡು ಟ್ರಯಲ್ ಮಾಡಬಹುದು. ಭ್ರೂಣ ತಿದ್ದಿ ಮಗು ಹುಟ್ಟಿಸ್ತೀವಿ ಅಂದ್ರೆ ಎದ್ದು ಬನ್ನಿ, ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2019ರ ಗೈಡ್‌ಲೈನ್ ಅದನ್ನ ನಿಷೇಧಿಸಿದೆ, ಯಾಕಂದ್ರೆ ಅಲ್ಲಿ ಆಗೋ ತಪ್ಪು ಮಕ್ಕಳು ಮೊಮ್ಮಕ್ಕಳ ತನಕ ಹೋಗುತ್ತೆ.

ಕನ್ಸೆಂಟ್ ಫಾರ್ಮ್ (ಒಪ್ಪಿಗೆ ಪತ್ರ) ಮಾತ್ರ ಅಲ್ಲೇ ಕೂತು ಸಹಿ ಮಾಡ್ಬೇಡಿ, ಮನೆಗೆ ತನ್ನಿ. 2018ರಲ್ಲಿ ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ ಎಡಿಟ್ ಮಾಡಿದ ಭ್ರೂಣದಿಂದ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ರಲ್ಲ, ಆ ಅಪ್ಪ ಅಮ್ಮಂಗೆ ಕೊಟ್ಟಿದ್ದ ಫಾರ್ಮ್‌ನಲ್ಲಿ ಅದನ್ನ ಏಡ್ಸ್ ಲಸಿಕೆ ಪ್ರಾಜೆಕ್ಟ್ ಅಂತ ಬರೆದಿತ್ತು! ಅವನಿಗೆ ಮೂರು ವರ್ಷ ಜೈಲಾಯ್ತು ನಿಜ, ಆದ್ರೆ ಆ ಮಕ್ಕಳ ಜೀನ್ ಇನ್ನು ಮೊದಲಿನ ಹಾಗಾಗಲ್ಲ. ಅದಕ್ಕೇ ತಲೆಬರಹದಿಂದಲೇ ಓದಿ, ಕನ್ನಡದಲ್ಲೇ ಕೊಡಿ ಅಂತ ಕೇಳಿ, ಅದು ನಿಮ್ಮ ಹಕ್ಕು. ಏಳು ವರ್ಷ ದಾಟಿದ ಮಗುಗೂ ಅರ್ಥ ಆಗೋ ಹಾಗೆ ಹೇಳಿ ಅದರ ಒಪ್ಪಿಗೆ ಕೇಳ್ಬೇಕು. ತೊಂದರೆ ಆದ್ರೆ ಉಚಿತ ಚಿಕಿತ್ಸೆ, ಪರಿಹಾರದ ಮಾತು ಇದೆಯಾ, ಯಾವಾಗ ಬೇಕಾದ್ರೂ ಹೊರಗೆ ಬರಬಹುದು ಅಂತಿದೆಯಾ ನೋಡಿ.

ಇನ್ನೊಂದು, ತಿದ್ದಿದ ಕಾಂಡಕೋಶ ಹಾಕೋ ಮುಂಚೆ ಜೋರಾದ ಕೀಮೋ ಕೊಡ್ತಾರೆ, ಮುಂದೆ ಮಕ್ಕಳಾಗೋದಕ್ಕೇ ಅದು ಅಡ್ಡಿ ಆಗಬಹುದು. ಕೇಳೋಕೆ ನಾಚ್ಕೋಬೇಡಿ, ಡಾಕ್ಟರ್ ಸರಿಯಾಗಿ ಹೇಳದಿದ್ರೆ ಫಾರ್ಮ್‌ನಲ್ಲಿರೋ ಎಥಿಕ್ಸ್ ಕಮಿಟಿ ನಂಬರಿಗೆ ನೇರ ಫೋನ್ ಮಾಡಿ.