ಚಾಟ್ನಿ ಆಗಿ ಎಷ್ಟನೇ ದಿನ? ತೋಟದ ಲೆಕ್ಕ ಮೊಬೈಲಿಗೆ ಬಂದ ಕತೆ

ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ನಮ್ಮದು ನಾಲ್ಕು ಎಕರೆ ದ್ರಾಕ್ಷಿ. ಎರಡು ಪ್ಲಾಟು, ಎರಡೂ ಥಾಮ್ಸನ್ ತಳಿ, ಎಲ್ಲಾ ಒಣದ್ರಾಕ್ಷಿಗೆ. ನಮ್ಮ ದಿನ ಎಣಿಕೆ ಕ್ಯಾಲೆಂಡರ್ ಮೇಲೆ ನಡೆಯಲ್ಲ, ಚಾಟ್ನಿ, ಅಂದರೆ ಬಳ್ಳಿ ಕತ್ತರಿಸಿದ ದಿನದ ಮೇಲೆ ನಡೆಯುತ್ತದೆ. ಔಷಧ ಅಂಗಡಿಗೆ ಹೋದರೆ ಮೊದಲ ಪ್ರಶ್ನೆ, "ಎಷ್ಟನೇ ದಿನ ನಡದೈತ್ರಿ?" ಆಳು ಸಿಕ್ಕಂತೆ ಒಂದು ಪ್ಲಾಟಿಗೂ ಇನ್ನೊಂದಕ್ಕೂ ವಾರ, ಹತ್ತು ದಿನ ಹೆಚ್ಚುಕಡಿಮೆ ಆಗುತ್ತದೆ. ಎರಡು ಲೆಕ್ಕ ತಲೆಯಲ್ಲಿ ಇಟ್ಟುಕೊಂಡು ತಪ್ಪದೇ ಹೇಳುವುದು ನನ್ನಿಂದ ಆಗಿಲ್ಲ.

ಮೊದಲು ಡೈರಿ ಇತ್ತು. ಅದು ಸ್ಪ್ರೇ ಪಂಪಿನ ಪಕ್ಕ ನೆನೆದು ಹೋಯಿತು. ಆಮೇಲೆ ಯಾರೋ ಹೇಳಿದ ಒಂದು ರೈತರ ಆ್ಯಪ್ ಹಾಕಿಕೊಂಡು ಒಂದು ಹಂಗಾಮು ಪೂರ್ತಿ ಬರೆದೆ. ಅಷ್ಟರಲ್ಲಿ ಸಿಮ್ ಬದಲಾಯಿತು. ಒಟಿಪಿ ಹಳೇ ನಂಬರಿಗೆ ಹೋಗ್ತಿತ್ತು, ಬರೆದದ್ದೆಲ್ಲ ಒಳಗೇ ಉಳಿಯಿತು. ಸಿಟ್ಟಿಗೆ ಯೂಟ್ಯೂಬ್ ನೋಡಿ ಒಮ್ಮೆಲೇ ಆರು ಆ್ಯಪ್ ಇಳಿಸಿದೆ. ಒಂದರಲ್ಲಿ ಒಂದು ಸಲ ಔಷಧ ಹೊಡೆದದ್ದನ್ನು ಬರೆಯಲು ಹನ್ನೊಂದು ಖಾನೆ ತುಂಬಬೇಕಿತ್ತು! ಬೆಳಗಿನ ಆರಕ್ಕೆ, ಕೈಗೆ ಔಷಧ ಮೆತ್ತಿಕೊಂಡು, ಯಾರು ತುಂಬ್ತಾರೆ?

ಮಗಳು ಕಾಲೇಜಿನಿಂದ ಬಂದವಳು ನನ್ನ ಫೋನ್ ನೋಡಿ ನಕ್ಕಳು. "ಅಪ್ಪಾ, ಆ್ಯಪ್ ಇರಲಿ. ನೀ ದಿನಾ ಏನೇನ್ ಹುಡುಕ್ತಿ, ಅದನ್ನ ಮೊದ್ಲ ಬರಿ." ಒಂದು ವಾರ ಹಳೇ ಕ್ಯಾಲೆಂಡರಿನ ಹಿಂದೆ ಬರೆದೆ. ನೋಡಿದರೆ ನಾಲ್ಕೇ ಪ್ರಶ್ನೆ. ಎಷ್ಟನೇ ದಿನ? ಈ ಪ್ಲಾಟಿಗೆ ಹೋದ ಸಲ ಏನು ಹೊಡೆದೆ? ಆಳಿನ ಪಗಾರ ಎಷ್ಟು ಬಾಕಿ? ಆ ಕಾಗದ ಎಲ್ಲಿದೆ? ಇಷ್ಟು ಗೊತ್ತಾದ ಮೇಲೆ ಆರಿಸುವುದಕ್ಕೆ ಒಂದು ಸಂಜೆ ಸಾಕಾಯಿತು.

ಫೋನ್ ಹಿಡಿದು ಪ್ಲಾಟಿಗೆ ಹೋಗಿ ನೆಟ್ ಬಂದ್ ಮಾಡಿದೆ. ತೆರೆಯದ ಆ್ಯಪ್ ಅಲ್ಲೇ ಅಳಿಸಿದೆ. ಕನ್ನಡದಲ್ಲಿ "ಬೂದಿ" ಅಂತ ರೋಗದ ಹೆಸರು ಬರೆದು ಹುಡುಕಿದೆ, ಸಿಗದಿದ್ದರೆ ಅದೂ ಹೋಯಿತು. ಕೊನೆಗೆ, ಬರೆದದ್ದನ್ನು ಬೇರೆ ಫೈಲಾಗಿ ಹೊರಗೆ ತೆಗೆಯಲು ಬರುತ್ತದೋ ನೋಡಿದೆ. ಸಿಮ್ ಕತೆ ಆದ ಮೇಲೆ ನನಗೆ ಎಲ್ಲಕ್ಕಿಂತ ಇದೇ ಮುಖ್ಯ.

ಉಳಿದದ್ದು ಗೂಗಲ್ ಶೀಟ್ಸ್. ಅಂದಚಂದ ಏನೂ ಇಲ್ಲ. ಪ್ಲಾಟಿಗೊಂದು ಹಾಳೆ. ಮೇಲ್ತುದಿಯಲ್ಲಿ ಚಾಟ್ನಿ ತಾರೀಖು, ಅದರ ಪಕ್ಕದ ಖಾನೆಯಲ್ಲಿ ಇವತ್ತಿನ ತಾರೀಖಿನಿಂದ ಅದನ್ನು ಕಳೆಯುವ ಒಂದು ಸಣ್ಣ ಸೂತ್ರ. ತೆರೆದ ಕೂಡಲೇ ಎಷ್ಟನೇ ದಿನ ಅಂತ ಕಾಣುತ್ತದೆ. ಕೆಳಗೆ ತಾರೀಖು, ಔಷಧ, ಪ್ರಮಾಣ, ಯಾಕೆ ಹೊಡೆದೆ. ಅಷ್ಟೇ. ನೆಟ್ ಇಲ್ಲದಾಗಲೂ ತೆರೆಯಬೇಕಾದರೆ ಆ ಫೈಲಿಗೆ ಆಫ್‌ಲೈನ್ ಆಯ್ಕೆಯನ್ನು ಮನೆಯಲ್ಲೇ ಒತ್ತಿ ಇಟ್ಟುಕೊಳ್ಳಬೇಕು. ತಮ್ಮನ ಫೋನಿಗೂ ಅದನ್ನೇ ಹಂಚಿದ್ದೇನೆ.

ಒಂದು ಎಡವಟ್ಟು ಹೇಳಲೇಬೇಕು. ಅಕ್ಟೋಬರ್ 5ಕ್ಕೆ ಚಾಟ್ನಿ ಅಂತ 5/10 ಬರೆದಿದ್ದೆ. 12ನೇ ದಿನ ತೆರೆದರೆ ಶೀಟು 160 ಅಂತ ತೋರಿಸ್ತು! "ಅಪ್ಪಾ, ಹಣ್ಣ ಒಣಗಿ ಕೋಲ್ಡ್ ಸ್ಟೋರೇಜಿಗೆ ಹೋಗಿರಬೇಕಲ್ಲ" ಅಂದಳು ಮಗಳು. ಅದು ಅಮೆರಿಕದ ಪದ್ಧತಿಯಲ್ಲಿ ತಿಂಗಳು ಮೊದಲು ಓದಿ, ಮೇ 10 ಅಂದುಕೊಂಡಿತ್ತು. ಸೆಟ್ಟಿಂಗ್‌ನಲ್ಲಿ ದೇಶ ಭಾರತ ಅಂತ ಬದಲಿಸಿ, ತಾರೀಖು ಮತ್ತೆ ಬರೆದ ಮೇಲೆ ಸರಿಹೋಯಿತು.

ತೋಟದಲ್ಲಿ ನಿಂತಾಗ ಗೂಗಲ್ ಕೀಪ್ ತೆರೆದು ಬಾಯಲ್ಲೇ ಹೇಳುತ್ತೇನೆ, ರಾತ್ರಿ ಶೀಟಿಗೆ ಇಳಿಸುತ್ತೇನೆ. ಡೌನಿ ಅಂತ ರೋಗದ ಹೆಸರು ಹೇಳಿದರೆ ಫೋನು ಒಮ್ಮೊಮ್ಮೆ ಡೌನ್ ಅಂತ ಬರೆಯುತ್ತದೆ. ನನ್ನದೂ ತಪ್ಪಿತ್ತು. ಒಂದು ದಿನ ಎಣ್ಣಿ, ಒಂದು ದಿನ ಔಷಧ, ಇನ್ನೊಂದು ದಿನ ಸ್ಪ್ರೇ ಅಂತ ಬರೆದರೆ ಹುಡುಕಿದಾಗ ಅರ್ಧವೇ ಸಿಗೋದು. ಈಗ ಎಲ್ಲಾ ಕಡೆ ಔಷಧ ಒಂದೇ.

ಪಹಣಿ, ಪಾಸ್‌ಬುಕ್, ಕೋಲ್ಡ್ ಸ್ಟೋರೇಜ್ ರಸೀದಿ ಸ್ಕ್ಯಾನ್ ಮಾಡಿ ಡ್ರೈವ್‌ಗೆ. ಆಧಾರ್ ಡಿಜಿಲಾಕರ್‌ನಲ್ಲಿ. ಡ್ರೈವ್‌ನಲ್ಲಿ ಪುಕ್ಕಟೆ ಜಾಗ 15 ಜಿಬಿ, ಆದರೆ ಜಿಮೇಲ್, ಫೋಟೋ ಎಲ್ಲಾ ಸೇರಿ ಅಷ್ಟು. ವಾಟ್ಸಾಪ್ ಬ್ಯಾಕಪ್ ಕೂಡ ಈಗ ಅದರಲ್ಲೇ ಲೆಕ್ಕ. ಶುಭೋದಯದ ವಿಡಿಯೋಗಳೇ ನನ್ನ ಜಾಗ ತಿಂದಿದ್ದವು, ಬ್ಯಾಕಪ್‌ನಿಂದ ವಿಡಿಯೋ ಬಿಟ್ಟೆ.

ಪಗಾರ ಮಾತ್ರ ಆ್ಯಪ್‌ಗೆ ಹೋಗಲಿಲ್ಲ. ಆಳುಗಳನ್ನು ಕರೆತರುವ ಅಕ್ಕ ತನ್ನ ವಹಿಯಲ್ಲಿ ಬರೆದದ್ದನ್ನೇ ನಂಬುತ್ತಾಳೆ. ನನ್ನ ಫೋನು ಅವಳಿಗೆ ಸಾಕ್ಷಿ ಅಲ್ಲ, ಅದು ಸರಿಯೇ. ಸಂತೆಯ ಹಿಂದಿನ ದಿನ ಇಬ್ಬರೂ ವಹಿ ನೋಡಿಕೊಳ್ಳುತ್ತೇವೆ, ನಾನು ಪುಟದ ಫೋಟೋ ತೆಗೆದಿಟ್ಟುಕೊಳ್ಳುತ್ತೇನೆ.

ಹೋದ ಹಂಗಾಮಿನಲ್ಲಿ ಹೂವಿನ ಹೊತ್ತಿಗೆ ಮಳೆ ಹಿಡಿಯಿತು. ಗಡಿಬಿಡಿಯಲ್ಲಿ ಅಂಗಡಿಗೆ ಹೊರಟವನು ಶೀಟು ತೆರೆದೆ. ಕೆಳಗಿನ ಪ್ಲಾಟಿಗೆ ಎರಡು ಸಲ ಒಂದೇ ಗುಂಪಿನ ಔಷಧ ಹೋಗಿತ್ತು. ಮೂರನೇ ಸಲವೂ ಅದನ್ನೇ ಹೊಡೆದರೆ ರೋಗ ಅದಕ್ಕೆ ಜಗ್ಗದಂತೆ ಆಗುತ್ತದೆ. ಅಂಗಡಿಯವರಿಗೆ ಫೋನೇ ತೋರಿಸಿ ಬೇರೆ ಗುಂಪಿನದು ತಂದೆ.

ಈ ವರ್ಷದ ಹಾಳೆ ತಯಾರಿದೆ. ಆಳು ಸಿಕ್ಕ ದಿನ ತುದಿಯ ಖಾನೆ ತುಂಬುತ್ತೇನೆ.