ಹಳೇ ಆಂಪಿನ ಗುಂಯ್ ಕೊನೆಗೂ ಹೋಯ್ತು (ನನ್ನ ಅನುಭವ)

ಅಪ್ಪನ ಕಾಲದ ಸ್ಟೀರಿಯೋ ಆಂಪ್ಲಿಫೈಯರ್, ಔಟ್‌ಪುಟ್ಟಲ್ಲಿ 2ಎನ್3055 ಅನ್ನೋ ಟ್ರಾನ್ಸಿಸ್ಟರ್ ಇರೋದು, 35 ವರ್ಷದ ಮೇಲಾಗಿರ್ಬೇಕು. ವಾಲ್ಯೂಮ್ ಪೂರ್ತಿ ಇಳಿಸಿದ್ರೂ ಗುಂಯ್ ಅಂತಿತ್ತು, ಮನ್ಸೂರರ ಕ್ಯಾಸೆಟ್ ಹಾಕಿದ್ರೆ ತಂಬೂರಿ ಯಾವ್ದು ಹಮ್ ಯಾವ್ದು ಗೊತ್ತೇ ಆಗ್ತಿರ್ಲಿಲ್ಲ. ರಿಪೇರಿಯವ್ರು ಟ್ರಾನ್ಸ್‌ಫಾರ್ಮರ್ ಹೋಗಿದೆ ಅಂದ್ರು, ಭಾವ ಅಂತೂ ಗುಜರಿಗೆ ಹಾಕಿ ಬ್ಲೂಟೂತ್‌ದು ತಗೋ ಮಾರಾಯ ಅಂತ ನಕ್ರು.

ನಾನೇ ಬಿಚ್ಚಿ ನೋಡ್ದೆ. ಕರೆಂಟಿನ ಏರಿಳಿತ ಸಮ ಮಾಡೋ ಫಿಲ್ಟರ್ ಕೆಪಾಸಿಟರ್, 2200 ಮೈಕ್ರೋಫ್ಯಾರಡ್‌ದು, ಎರಡೂ ತಲೆ ಉಬ್ಬಿತ್ತು. ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಲ್ಲಿ 10,000 ಮೈಕ್ರೋಫ್ಯಾರಡ್ 63 ವೋಲ್ಟಿಂದು ತಂದೆ, ಜೋಡಿಗೆ 300 ಚಿಲ್ರೆ, ಅಗ್ಗಕ್ಕೆ ಸಿಕ್ತು ಅಂತ ಬೀಗಿದ್ದೇ ಬಂತು. ಕೈಗೆ ಹಗುರ ಅನ್ಸಿ ಮೀಟರಿಗೆ ಹಾಕಿದ್ರೆ 3000 ಕೂಡ ಇಲ್ಲ! ಸಿಟ್ಟಿಗೆ ಒಂದನ್ನ ಕೊಯ್ದೆ, ದೊಡ್ಡ ಡಬ್ಬಿ ಒಳಗೆ ಪುಟಾಣಿ ಕೆಪಾಸಿಟರ್, ತೆಂಗಿನಕಾಯಿ ಸಿಪ್ಪೆಯೊಳಗೆ ಅಡಿಕೆ ಇಟ್ಟಂಗೆ. ಮತ್ತೆ 700 ಕೊಟ್ಟು ಅಸಲಿದು ತರ್ಸಿದೆ.

ಹಾಕಿ ಸೀರೀಸ್ ಬಲ್ಬ್ ಮೇಲೆ (ಎಲ್ಲಾದ್ರೂ ಶಾರ್ಟ್ ಇದ್ರೆ ಆಂಪ್ ಸುಡದಂಗೆ ಮಧ್ಯೆ ಒಂದು ಬಲ್ಬ್) ಆನ್ ಮಾಡ್ದೆ. ಗುಂಯ್ ಹೋಗಿ ಝ್ಝ್ ಅಂತ ಬಂತು, ಮೊದಲಿಗಿಂತ ಕೆಟ್ಟದು. ಟ್ರಾನ್ಸ್‌ಫಾರ್ಮರ್ ತಿರುಗಿಸಿ ನೋಡ್ದೆ, ಶೀಲ್ಡ್ ವೈರ್ ಎಳೆದೆ, ಎರಡು ಭಾನುವಾರ ಮಣ್ಣಾಯ್ತು. ಆಮೇಲೆ ತಲೆಗೆ ಹೋಗಿದ್ದು, ದೊಡ್ಡ ಕೆಪಾಸಿಟರ್ ಸೆಕೆಂಡಿಗೆ 100 ಸಲ ಗಬಕ್ಕಂತ ಕರೆಂಟ್ ಎಳೆಯುತ್ತೆ, ಆ ಕರೆಂಟು ಇನ್‌ಪುಟ್ ಗ್ರೌಂಡಿನ ವೈರಲ್ಲೇ ಹರೀತಿತ್ತು. ಇನ್‌ಪುಟ್ ಗ್ರೌಂಡು ಸ್ಪೀಕರ್ ರಿಟರ್ನು ಎಲ್ಲಾ ಬೇರೆ ಬೇರೆ ವೈರಲ್ಲಿ ತಂದು ಒಂದೇ ಜಾಗಕ್ಕೆ ಸೇರಿಸ್ದೆ, ಆ ಜಾಗ ಎರಡು ಕೆಪಾಸಿಟರ್ ನಡುವಿನ ತಂತಿ ಮೇಲೆ ಅಲ್ಲ, ಅಲ್ಲಿಂದ ಸ್ವಲ್ಪ ಆಚೆ. ಎಷ್ಟು ಆಚೆ ಅನ್ನೋದು ನನ್ನ ಹತ್ರಾನೇ ಇರ್ಲಿ, ಮೂರು ಸಲ ಸೋಲ್ಡರ್ ಕಿತ್ತು ಹುಡುಕಿದ್ದು. ಝ್ಝ್ ಅಲ್ಲಿಗೆ ನಿಂತಿತು.

ಕೈ ಸುಮ್ನಿರ್ಲಾರದೆ ಬಾಸ್ ಟ್ರೆಬಲ್ ಇರೋ ಟೋನ್ ಬೋರ್ಡಲ್ಲಿ 4558 ಅನ್ನೋ ಐಸಿ ಕಿತ್ತು 5532 ಅನ್ನೋದು ಹಾಕ್ದೆ. ಅದು ಕರೆಂಟ್ ಜಾಸ್ತಿ ತಿನ್ನುತ್ತೆ, 15 ವೋಲ್ಟ್ ಇರ್ಬೇಕಾದ ಕಡೆ 11ಕ್ಕೆ ಇಳೀತು, ವೋಲ್ಟೇಜ್ ಹಿಡಿದಿಡೋ ಝೀನರ್ ಡಯೋಡಿಗೆ ಹೋಗೋ ರೆಸಿಸ್ಟರ್ ಬದಲಾಯಿಸಿದ್ಮೇಲೆ ಸರಿಹೋಯ್ತು. ಸೌಂಡಲ್ಲಿ ವ್ಯತ್ಯಾಸ? ನನ್ನ ಕಿವಿಗಂತೂ ಸಿಗ್ಲಿಲ್ಲ, ಹಾಗೇ ಬಿಟ್ಟಿದೀನಿ. ದೊಡ್ಡ ಕೆಪಾಸಿಟರ್ ತುಂಬೋ ರಭಸಕ್ಕೆ ಆನ್ ಮಾಡಿದ ತಕ್ಷಣ ಎರಡು ಸಲ ಫ್ಯೂಸ್ ಹಾರ್ತು, ಸ್ಲೋ ಬ್ಲೋ (ಕ್ಷಣದ ರಭಸ ತಡೆಯೋ ಫ್ಯೂಸ್) ಹಾಕಿದ್ಮೇಲೆ ಇಲ್ಲ.

ಒಟ್ಟು 1,500 ಆಸುಪಾಸು ಖರ್ಚು, ನಕಲಿದೂ ಸೇರಿ. ರಿಪೇರಿಯವ್ರು ಹೋಗಿದೆ ಅಂದ ಟ್ರಾನ್ಸ್‌ಫಾರ್ಮರ್ ಇವತ್ತೂ ಅದೇ. ಈಗ ಆಂಪ್ ಎಷ್ಟು ಸೈಲೆಂಟ್ ಅಂದ್ರೆ ಕ್ಯಾಸೆಟ್ ಡೆಕ್ಕಿನ ಮೋಟರ್ ಕರಕರ ಅನ್ನೋದು ಕೇಳ್ತಿದೆ, ಈ ಭಾನುವಾರ ಅದನ್ನ ಬಿಚ್ಬೇಕು.